ಕಿನ್ನೆಲ್ ದೊಡ್ಡವನೋ, ಲಾರಿಮರ್ ದೊಡ್ಡವನೋ

ಪಿಟ್‌ಡೌನಿ, ಫೈಫ್
೧೯ ಅಕ್ಟೋಬರ್ ೧೯೭೮, ಗುರುವಾರ

ಗ್ರೆಗರ್‌ಗೆ,

ಹೆಸರಿನ ಹಿಂದೆ ಏನು ಸೇರಿಸಬೇಕೋ ತೋಚಲಿಲ್ಲ. ಎರಡು ವರ್ಷ ಬೇರೆ ಇದ್ದ ಗಂಡಹೆಂಡತಿ ಒಬ್ಬರನ್ನೊಬ್ಬರು ಏನೆಂದು ಕರೆಯುತ್ತಾರೋ ನನಗೆ ಗೊತ್ತಿಲ್ಲ. ಬರೀ ಹೆಸರು ಸಾಕು ಅಂದುಕೊಂಡೆ.

ನಿನ್ನ ಕಾಗದ ನಿನ್ನೆ ಬಂತು. ಆಬರ್ಡೀನ್‌ನಲ್ಲಿ ಮಾವನಿಗೆ ಒಳ್ಳೆಯ ವೃದ್ಧಾಶ್ರಮ ನೋಡಿದ್ದೀಯ, ಶನಿವಾರ ಕಾರು ತಂದು ಕರೆದುಕೊಂಡು ಹೋಗುತ್ತೀಯ ಎಂದು ಓದಿದೆ. ಶುಕ್ರವಾರದ ಸಭೆಯ ಸುದ್ದಿ ನಿನಗೆ ಯಾರು ಮುಟ್ಟಿಸಿದರೋ ತಿಳಿಯದು. ಮುಟ್ಟಿಸಿದವರು ಅರ್ಧ ಹೇಳಿದ್ದಾರೆ. ಮಿಕ್ಕಿದ್ದನ್ನು ನಾನು ಹೇಳುತ್ತೇನೆ, ಆಮೇಲೆ ನೀನು ಯೋಚಿಸು. ಬೆಳಗಿನಿಂದ ನಾಲ್ಕು ಸಲ ಬರೆಯಲು ಕೂತು ಎದ್ದಿದ್ದೇನೆ. ಮಹಡಿಯ ಮೇಲೆ ಮಾವ ಕೆಮ್ಮಿದರೆ ಕೈ ನಿಲ್ಲುತ್ತದೆ, ಕೆಮ್ಮದಿದ್ದರೂ ನಿಲ್ಲುತ್ತದೆ.

ನನ್ನಪ್ಪ ಫೆಬ್ರವರಿಯಲ್ಲಿ ತೀರಿಕೊಂಡಾಗ ನೀನು ಬಂದು, ಹೂವಿಟ್ಟು, ಸಂಜೆಯ ರೈಲಿಗೇ ಹೋದೆ. ಆಮೇಲಿನದು ನಿನಗೆ ಗೊತ್ತಿಲ್ಲ. ಅಪ್ಪ ಮತ್ತು ಮಾವ ಗಾಲ್ಫ್ ಮೈದಾನದ ಅಂಚಿನ ಬೆಂಚಿನ ಮೇಲೆ ನಲವತ್ತು ವರ್ಷ ಒಂದೇ ಜಗಳ ಆಡಿದವರು. ಡೇವಿ ಕಿನ್ನೆಲ್ ದೊಡ್ಡವನು ಎಂದು ಮಾವ, ಆರ್ಚಿ ಲಾರಿಮರ್ ದೊಡ್ಡವನು ಎಂದು ಅಪ್ಪ. ಮಾವ ಹುಡುಗನಾಗಿದ್ದಾಗ ಮುದುಕನಾದ ಕಿನ್ನೆಲ್‌ನ ಆಟ ಕಣ್ಣಾರೆ ಕಂಡವರು. ಅಪ್ಪ ಲಾರಿಮರ್‌ನ ಕೋಲಿನ ಚೀಲ ಹೊತ್ತವನು. ಕಿನ್ನೆಲ್ ಆಡಿದ ಕಾಲದಲ್ಲಿ ಮರದ ಕೋಲು, ಮರದ ಅಂಟು ಗಟ್ಟಿಮಾಡಿದ ಕಲ್ಲಿನಂಥ ಚೆಂಡು, ಕುರಿ ಮೇಯ್ದು ಬಿಟ್ಟ ಹುಲ್ಲು. ಲಾರಿಮರ್ ಬರುವ ಹೊತ್ತಿಗೆ ಉಕ್ಕಿನ ಕೋಲು ಬಂದಿತ್ತು, ಆದರೆ ಎದುರಾಳಿಗಳೂ ಹಡಗು ತುಂಬಿ ಬರುತ್ತಿದ್ದರು. ಇವರನ್ನು ತೂಗುವ ತಕ್ಕಡಿ ಯಾರ ಹತ್ತಿರವೂ ಇಲ್ಲ. ಇಲ್ಲದಿದ್ದರಿಂದಲೇ ಜಗಳ ಅಷ್ಟು ವರ್ಷ ನಡೆಯಿತು.

ಅಪ್ಪ ಹೋದ ಮೇಲೆ ಮಾವ ಬೆಂಚಿನ ಕಡೆ ಹೋಗಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಿದ್ದರು. ತಟ್ಟೆಯ ಮುಂದೆ ಕೂತು ಹಾಗೇ ಏಳುತ್ತಿದ್ದರು. ಡಾಕ್ಟರ್ ನೋಡಿ, ಕಾಯಿಲೆ ಏನೂ ಇಲ್ಲ, ವಯಸ್ಸು ಅಂದರು. ಒಂದು ಮಧ್ಯಾಹ್ನ ಬಾರ್ಲಿ ಸಾರು ಆರಿ ತಣ್ಣಗಾಗುತ್ತಿತ್ತು. ನನಗೆ ಏನನ್ನಿಸಿತೋ, ಎಷ್ಟೇ ಹೇಳಿ ಮಾವ, ಲಾರಿಮರ್ ಮುಂದೆ ನಿಮ್ಮ ಕಿನ್ನೆಲ್ ನಿಲ್ಲುತ್ತಿರಲಿಲ್ಲ ಅಂದುಬಿಟ್ಟೆ. ಗಾಲ್ಫ್ ಕಂಡರೆ ನನಗೆ ಎಷ್ಟು ಬೇಸರ ಎಂದು ನಿನಗೆ ಗೊತ್ತು. ಮಾವ ತಲೆಯೆತ್ತಿ ನೋಡಿದರು. ಆಮೇಲೆ ಬೈದರು, ಬೈಯುತ್ತಲೇ ಸಾರು ಮುಗಿಸಿದರು, ಇನ್ನೊಂದು ಬಟ್ಟಲು ಕೇಳಿದರು.

ಅಂದಿನಿಂದ ಅದೇ ನನ್ನ ಕೆಲಸವಾಯಿತು. ಕ್ಷೌರದಂಗಡಿಯ ಮುದುಕರನ್ನು, ಮೀನು ಮಾರುವ ಎಫಿಯ ಗಂಡನನ್ನು, ಕ್ಲಬ್ಬಿನ ಅಡುಗೆಮನೆ ಬಾಗಿಲಲ್ಲಿ ನಿಂತು ಅಲ್ಲಿನವರನ್ನು ಕೇಳಿ ಕೇಳಿ ಲಾರಿಮರ್‌ನನ್ನು ಕಲಿತೆ. ಗಣಿಯ ಪಾಳಿ ಮುಗಿಸಿ, ಮುಖದ ಮಸಿ ಕೂಡ ತೊಳೆಯದೆ ಆಡಲು ಬರುತ್ತಿದ್ದನಂತೆ. ಹೊಸದೊಂದು ಸಂಗತಿ ಸಿಕ್ಕ ದಿನ ಮನೆಗೆ ಓಡಿ ಬರುತ್ತಿದ್ದೆ.

ಈ ತಿಂಗಳು ಕ್ಲಬ್ಬಿನವರು ಅಗ್ಗಿಷ್ಟಿಕೆಯ ಮೇಲೆ ಒಬ್ಬನ ಚಿತ್ರ ತೂಗುಹಾಕಬೇಕು, ಯಾರದು ಎಂದು ಊರೇ ತೀರ್ಮಾನಿಸಲಿ ಅಂದರು. ಕಿನ್ನೆಲ್ ಪರವಾಗಿ ಮಾವನನ್ನು ಕರೆದರು. ಲಾರಿಮರ್ ಪರ ನನ್ನ ಸೊಸೆ ಮಾತಾಡಲಿ, ಇಲ್ಲದಿದ್ದರೆ ನಾನೂ ಬರುವುದಿಲ್ಲ ಎಂದು ಮಾವ ಹಟ ಹಿಡಿದರು. ಕ್ಲಬ್ಬಿನೊಳಗೆ ಹೆಂಗಸರಿಗೆ ಪ್ರವೇಶವಿಲ್ಲವಲ್ಲ, ಸಭೆಯನ್ನೇ ಚರ್ಚಿನ ಹಜಾರಕ್ಕೆ ತಂದರು.

ಶುಕ್ರವಾರ ಸಂಜೆ ಹಜಾರ ತುಂಬಿತ್ತು. ಮಾವ ಚೆನ್ನಾಗಿಯೇ ಶುರುಮಾಡಿದರು. ಕೊನೆಯ ಕುಳಿಯ ಕಥೆಗೆ ಬಂದರು. ಅದನ್ನು ನೀನೂ ನೂರು ಸಲ ಕೇಳಿದ್ದೀಯ. ಬಿರುಗಾಳಿ, ಕಿನ್ನೆಲ್‌ನ ಚೆಂಡು ಕಡಲ ದಂಡೆಯ ಪಾಚಿಯಲ್ಲಿ ಕೂತಿದೆ, ಕಿನ್ನೆಲ್ ಕೋಟು ಬಿಚ್ಚಿದ ಎಂದರು, ನಿಂತರು. ಮುಂದಿನ ಮಾತು ಬರಲಿಲ್ಲ. ಕೈ ಮಾತ್ರ ಕೋಟಿನ ಗುಂಡಿ ಹುಡುಕುತ್ತಿತ್ತು. ಆಯಾಸವಾಗಿತ್ತು ಅಷ್ಟೆ, ನೀನು ಬೇರೇನೂ ಅರ್ಥ ಕಟ್ಟಬೇಡ. ಯಾರೋ ಹಿಂದೆ ನಕ್ಕರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಮುದುಕ ಕಿನ್ನೆಲ್ ಗಾಳಿಯ ಕೆಳಗೇ ಚೆಂಡನ್ನು ಮೊಲದ ಹಾಗೆ ನೆಲಕ್ಕಂಟಿಸಿ ಓಡಿಸಿದ, ಕುಳಿಯ ಬಾಯಲ್ಲಿ ತಂದು ನಿಲ್ಲಿಸಿದ ಎಂದು ಕಥೆ ಮುಗಿಸಿದೆ. ನನ್ನ ಸರದಿ ಬಂದಾಗ, ಇದಕ್ಕಿಂತ ದೊಡ್ಡದು ನನ್ನ ಹತ್ತಿರ ಏನಿದೆ ಎಂದು ಕೂತೆ. ಜನ ಕಿನ್ನೆಲ್‌ಗೆ ಕೈಯೆತ್ತಿದರು, ಚಪ್ಪಾಳೆ ತಟ್ಟಿದರು.

ಮಾವ ಸಂತೋಷಪಡುತ್ತಾರೆ ಅಂದುಕೊಂಡಿದ್ದೆ. ಮನೆಯ ದಾರಿಯಲ್ಲಿ ನನ್ನ ತೋಳು ಬಿಡಿಸಿಕೊಂಡರು.

"ನಿಮ್ಮಪ್ಪ ಇದ್ದಿದ್ರೆ ನಾನು ತಡವರಿಸಿದ ಜಾಗದಲ್ಲೇ ನನ್ನ ಹೂತುಬಿಡ್ತಿದ್ದ," ಅಂದರು. "ನೀನು ಭಿಕ್ಷೆ ಹಾಕ್ದೆ. ನನಗೂ ಹಾಕ್ದೆ, ಕಿನ್ನೆಲ್‌ಗೂ ಹಾಕ್ದೆ."

ಆಮೇಲೆ ಮಾತೇ ನಿಂತಿತು. ಶನಿವಾರ, ಭಾನುವಾರ, ಸೋಮವಾರ ಎದುರು ಬದುರು ಕೂತು ಉಂಡೆವು, ಚಮಚದ ಸದ್ದು ಬಿಟ್ಟರೆ ಏನಿಲ್ಲ. ನಾವಿಬ್ಬರೂ ಕೊನೆಯ ವರ್ಷ ಹೀಗೇ ಇದ್ದೆವಲ್ಲ, ಗ್ರೆಗರ್. ನೀನೂ ನಾನೂ ಒಂದು ದಿನವೂ ಜಗಳವಾಡಲಿಲ್ಲ. ಊರವರು ಅದನ್ನು ಹೊಗಳುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಅವರ ಹಾಸಿಗೆ ಖಾಲಿ. ಕೋಟು ಗೂಟದಲ್ಲೇ ಇತ್ತು. ಅದನ್ನು ಎತ್ತಿಕೊಂಡು ಮನೆಚಪ್ಪಲಿಯಲ್ಲೇ ಓಡಿದೆ. ಬ್ರೆಡ್ಡಿನ ವ್ಯಾನಿನವನು ದಂಡೆಯ ಕಡೆ ಕೈ ತೋರಿಸಿದ. ಕೊನೆಯ ಕುಳಿಯ ಕೆಳಗೆ, ಪಾಚಿಯ ನಡುವೆ ಮಾವ ನಿಂತಿದ್ದರು. ಕೈಯಲ್ಲಿ ಹಳೆಯ ಮರದ ಕೋಲು, ಕಾಲ ಬಳಿ ಚೆಂಡು. ಬೀಸುತ್ತಿದ್ದರು, ಪಾಚಿ ಹಾರುತ್ತಿತ್ತು, ಚೆಂಡು ಅಲ್ಲೇ ಇರುತ್ತಿತ್ತು. ತುಟಿ ನೀಲಿಗಟ್ಟಿತ್ತು. ಹತ್ತಿರ ಹೋಗಿ ಕೋಟು ಹೊದಿಸಲು ಕೈ ಚಾಚಿದೆ. ನನ್ನನ್ನು ಹೇಗೆ ನೋಡಿದರು ಅಂದರೆ, ಚಾಚಿದ ಕೈ ಹಾಗೇ ನಿಂತಿತು.

ಆಗ ನನ್ನ ಬಾಯಿಂದ ಬಂದದ್ದನ್ನು ನಾನು ಯಾರಿಂದಲೂ ಕಲಿತಿರಲಿಲ್ಲ. "ಲಾರಿಮರ್ ಆಗಿದ್ರೆ ಚೆಂಡು ಇಲ್ಲಿಗೆ ಬರ್ತಾನೇ ಇರ್ಲಿಲ್ಲ, ಮಾವ."

"ಏನಂದೆ?"

"ಕಡಲಿಗೆ ಹೊಡೆದು ಆಮೇಲೆ ಪವಾಡ ಮಾಡೋನು ದೊಡ್ಡವನಾ? ಹುಲ್ಲು ಬಿಟ್ಟು ಆಚೆ ಹೋಗದೇ ಇರೋನು ದೊಡ್ಡವನಾ?"

ಕೋಲಿನ ಮೇಲೆ ಭಾರ ಬಿಟ್ಟು ನನ್ನನ್ನೇ ದಿಟ್ಟಿಸಿದರು. "ಗಾಳಿ ಅಂದ್ರೆ ಏನು ಅಂತ ನಿನ್ನ ಲಾರಿಮರ್‌ಗೆ ಗೊತ್ತಿತ್ತೇನೇ? ಆ ಅಂಟಿನ ಚೆಂಡು ಒಂದ್ಸಲ ಕೈಯಲ್ಲಿ ಹಿಡಿದಿದ್ನಾ ಅವನು?"

ಕಿನ್ನೆಲ್ ಗೆದ್ದದ್ದು ನೆರೆಹೊರೆಯ ನಾಲ್ಕು ಜನರನ್ನು ಅಂದೆ. ಆ ನಾಲ್ಕು ಜನ ಇಲ್ಲದಿದ್ದರೆ ನಿನ್ನವನಿಗೆ ಆಟವೇ ಇರುತ್ತಿರಲಿಲ್ಲ ಅಂದರು. ವಾದದ ಭರದಲ್ಲಿ ಕೋಟನ್ನು ನನ್ನ ಕೈಯಿಂದ ಕಸಿದು ತಾವೇ ಹಾಕಿಕೊಂಡರು. ನಾನೂ ಬಿಡಲಿಲ್ಲ. ಮರಳ ದಿಬ್ಬ ಹತ್ತುವಾಗ ನಿಜವಾಗಿ ಸಿಟ್ಟು ಬಂದಿತ್ತು ನನಗೆ. ಅಪ್ಪ ಹೇಳುತ್ತಿದ್ದದ್ದೇ ಸರಿ ಎಂದು ಅಂದು ಮೊದಲ ಸಲ ಅನ್ನಿಸಿತು. ಮನೆಗೆ ಬಂದು ಗಂಜಿ ಕುಡಿಯುವಾಗಲೂ ಮುಗಿದಿರಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಆ ಆಶ್ರಮದಲ್ಲಿ ಬಿಸಿನೀರು ಇರುತ್ತದೆ, ದಾದಿಯರು ಇರುತ್ತಾರೆ, ಎಲ್ಲರೂ ಅವರಿಗೆ ಹೌದು ಹೌದು ಅನ್ನುತ್ತಾರೆ. ಹೌದು ಅನ್ನಿಸಿಕೊಂಡು ಅವರು ಎಷ್ಟು ದಿನ ಇದ್ದಾರು? ನನಗೆ ಹಕ್ಕಿಲ್ಲ ಎಂದು ಗೊತ್ತು. ನಿನ್ನನ್ನು ಬಿಟ್ಟು ಇಲ್ಲೇ ಉಳಿದವಳು ನಿನ್ನಪ್ಪನನ್ನು ಇಟ್ಟುಕೊಳ್ಳುತ್ತೇನೆ ಅನ್ನುವುದು ನೋಡುವವರಿಗೆ ವಿಚಿತ್ರ. ಅನ್ನಲಿ. ಶನಿವಾರ ಬಾ, ಕಾರಿನಲ್ಲೇ ಬಾ, ಊಟ ಮಾಡು. ಒಬ್ಬನೇ ಹಿಂತಿರುಗು.

ಇಷ್ಬೆಲ್

ತಾ.ಕ.: ಆಯಾಸ ಎಂದು ಮೇಲೆ ಬರೆದದ್ದು ಸುಳ್ಳು. ಬೇಸಿಗೆಯಿಂದಲೇ ಮರೆವು ಶುರುವಾಗಿದೆ. ಇವತ್ತು ಬೆಳಿಗ್ಗೆ ಅಡುಗೆಮನೆಗೆ ಬಂದು ಟೋಪಿ ತೆಗೆದು, "ಅಮ್ಮಾ, ತಾವು ಯಾರ ಕಡೆಯವರು?" ಎಂದು ಕೇಳಿದರು. ಲಾರಿಮರ್ ಕಡೆಯವಳು ಅಂದೆ. ಆಮೇಲೆ ಕುರ್ಚಿ ಎಳೆದು ಕೂತು, "ಹಾಗಾದ್ರೆ ನೀನು ಇಷ್ಬೆಲ್," ಅಂದರು.