ಬೋಟಿ ಗೊಜ್ಜಿಲ್ಲದ ಎಡೆ

ಮಳವಳ್ಳಿ
೨೧೭೧, ಹದಿಮೂರನೆಯ ತಿಂಗಳು, ಮಹಾಲಯ ಅಮಾವಾಸ್ಯೆ

ನನ್ನ ಮುತ್ತಜ್ಜನ ಅಜ್ಜ ಕೆಂಪಮಾದಯ್ಯನವರಿಗೆ ಇಂಪನಾ ಮಾಡುವ ನಮಸ್ಕಾರ.

ನಿಮ್ಮ ಕಾಲದಲ್ಲಿ ತಿಂಗಳುಗಳು ಹನ್ನೆರಡೇ ಇದ್ದವೆಂದು, ವರ್ಷವೂ ಬೇರೆ ಹೊತ್ತಿಗೆ ಶುರುವಾಗುತ್ತಿತ್ತೆಂದು ಓದಿದ್ದೇನೆ. ಈ ತಾರೀಖಿನಷ್ಟೇ ನನ್ನ ಮಾತುಗಳೂ ವಿಚಿತ್ರವಾಗಿ ಕಂಡರೆ ಮನ್ನಿಸಿ. ಎದುರು ನಿಂತು ಮಾತಾಡುವ ಧೈರ್ಯ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈ ಕಾಗದ ನಿಮ್ಮ ಕಾಲಕ್ಕೆ ತಲುಪಿದ ಮರುದಿನವೇ ನೀವು ಸಭೆಯಲ್ಲಿ ಮಾತಾಡಲಿದ್ದೀರಿ. ಹೊರದೇಶದ ಕಂಪನಿಯೊಂದು ನಮ್ಮ ಬೋಟಿ ಗೊಜ್ಜನ್ನು ಡಬ್ಬಿಗೆ ತುಂಬಿ, ಮೇಲೆ ಹಲ್ಲು ಕಿರಿಯುವ ಹಳ್ಳಿ ಹೆಂಗಸಿನ ಚಿತ್ರ ಹಾಕಿ, ಕೆಳಗೆ ‘ಕಸದಿಂದ ರಸ’ ಎಂದು ಅಚ್ಚು ಮಾಡಿಸಿದೆ. ನಿಮ್ಮ ಸಿಟ್ಟು ನ್ಯಾಯವಾದದ್ದು. ನಿಮ್ಮ ತಾಯಿ ನಿಂಗಾಜಮ್ಮನವರು ಬಿಸಿನೀರಿನಲ್ಲಿ ಉಜ್ಜಿ ಉಜ್ಜಿ ತೊಳೆಯುವ ಕರುಳು ಕಸವಲ್ಲ.

ನೀವು ಗೆಲ್ಲುತ್ತೀರಿ. ಮೊದಲು ಆ ಬರಹ ಹೋಗುತ್ತದೆ, ಆಮೇಲೆ ಚಿತ್ರ. ಆಮೇಲೆ ಬೋಟಿ ಎಂಬ ಹೆಸರೂ ಹೋಗುತ್ತದೆ. ಆ ಹೆಸರು ಹಿಡಿದೇ ನಮ್ಮನ್ನು ಹೀಯಾಳಿಸುತ್ತಾರೆ, ಅದೂ ಬೇಡ ಎಂದು ನೀವೇ ಕೇಳಲಿದ್ದೀರಿ. ಕಂಪನಿಗೆ ಅದು ಬಲು ಸುಲಭ. ಕೊನೆಗೆ ಯಾರಿಗೂ ಇರುಸುಮುರುಸಾಗದಿರಲಿ ಎಂದು ಕರುಳನ್ನೇ ತೆಗೆದು ಅಣಬೆ ಹಾಕುತ್ತಾರೆ. ಯಾರನ್ನೂ ನೋಯಿಸದ ಹೆಸರಿಗೆ ನಾವು ಹಿತನಾಮ ಎನ್ನುತ್ತೇವೆ. ನಿಮ್ಮ ಗೊಜ್ಜಿನ ಹಿತನಾಮ ‘ಪರಂಪರೆ ಏಳು’. ಹಿತನಾಮವಿಲ್ಲದ ಅಡುಗೆಯನ್ನು ಮನೆಯಲ್ಲೂ ಬೇಯಿಸುವಂತಿಲ್ಲ. ಗೋಡೆಮೂಗು, ಅಂದರೆ ಪ್ರತಿ ಅಡುಗೆಮನೆಯಲ್ಲಿ ಕೂರಿಸಿರುವ ಯಂತ್ರ, ವಾಸನೆ ಹಿಡಿದು ಒಲೆ ಆರಿಸುತ್ತದೆ. ಮಧ್ಯಾಹ್ನದ ಹೊತ್ತು ಬೀದಿಯಲ್ಲಿ ನಡೆದರೆ ಯಾರ ಮನೆಯಲ್ಲಿ ಏನು ಸಾರು ಎಂದು ತಿಳಿಯುವುದಿಲ್ಲ.

ನಮ್ಮಜ್ಜಿ ಕಳೆದ ವರ್ಷ ತೀರಿಕೊಂಡಳು. ಚಿಕ್ಕಂದಿನಲ್ಲಿ ಒಮ್ಮೆ ಉಂಡ ಬೋಟಿ ಗೊಜ್ಜನ್ನು ಕೊನೆಯವರೆಗೂ ನೆನೆಯುತ್ತಿದ್ದಳು. ಸತ್ತವರಿಗೆ ಇಷ್ಟವಾದದ್ದನ್ನೇ ಎಡೆ ಇಡಬೇಕಲ್ಲ, ಇವತ್ತು ಅಪ್ಪ ಆ ಡಬ್ಬಿ ತಂದರು.

“ಥೂ, ಅಣಬೆ! ಇದ್ನ ಅವ್ವ ಮೂಸೂ ನೋಡಕಿಲ್ಲ ಕಣ್ಲಾ,” ಎಂದಳು ಅಪ್ಪನ ಅಕ್ಕ.

“ಸಿಕ್ಕಿದ್ನ ತಂದಿವ್ನಿ. ನಿಂಗೆ ಮಾಡಕ್ಕೆ ಬತ್ತದಾ ಅಕ್ಕ? ಯೋಳು.”

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ಡಬ್ಬಿಯ ಮುಚ್ಚಳ ತೆಗೆದಳು. ನಮ್ಮಲ್ಲಿ ಯಾರಿಗೂ ಬರುವುದಿಲ್ಲ.

ಆ ಬರಹವನ್ನು ಕಿತ್ತುಹಾಕಿಸಿ. ಹೆಸರನ್ನು ಮಾತ್ರ ಬಿಟ್ಟುಕೊಡಬೇಡಿ. ಸಭೆಗೆ ಹೊರಡುವ ಮುಂಚೆ ನಿಮ್ಮ ತಾಯಿಯ ಒಲೆಯ ಮುಂದೆ ಕುಳಿತು ಕಲಿಯಿರಿ, ಮಕ್ಕಳನ್ನೂ ಕೂರಿಸಿಕೊಳ್ಳಿ.

ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ನಿಂತಿದ್ದೇವೆ. ಒಳಗಿಂದ ಯಾವ ವಾಸನೆಯೂ ಬರುತ್ತಿಲ್ಲ. ಅಜ್ಜಿಯ ಎಲೆಯ ಪಕ್ಕ ನಿಮಗೂ ಒಂದು ಎಲೆ ಹಾಕಿದ್ದೇವೆ. ಅದೇ ಡಬ್ಬಿಯಿಂದ ಬಡಿಸಿದ್ದೇವೆ.