ಬಾವಿಯ ನೀರು ಬಿದ್ದ ಈಜುಕೊಳ

ಕಾಸಲ್ ದು ಫ್ರೈಷು, ಪೋರ್ಚುಗಲ್
ಜುಲೈ 19

ಪ್ರೀತಿಯ ತಮ್ಮ ಅಲ್ಬಾನು,

ನೀನೂ ನಿನ್ನ ಹೆಂಡತಿ ಲುಸೀಲಿಯಳೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನನ್ನ ಮಂಡಿ ಮೊದಲಿನ ಹಾಗೇ ಇದೆ, ನಾಲ್ಕು ಬೈದರೆ ನಡೆಯುತ್ತದೆ. ನಾನು ನೋಡಿಕೊಳ್ಳುವ ನಿನ್ನ ಇಲ್ಲಿನ ಮನೆಯ ವರದಿಯನ್ನು ಜೂನ್ ಕೊನೆಗೇ ಬರೆಯಬೇಕಿತ್ತು. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕಿರುತ್ತೀಯ, ಲುಸೀಲಿಯ ನಿನ್ನ ಪಕ್ಕದಲ್ಲೇ ಬೀನ್ಸ್ ಬಿಡಿಸುತ್ತಾ ಕೂತಿರುತ್ತಾಳೆ. ಇದು ನಿನಗೊಬ್ಬನಿಗೇ ಹೇಳಬೇಕಾದ ಮಾತು.

ಈಸ್ಟರ್ ದಿನ ನೀನು ಫ್ರಾನ್ಸಿನ ಲಿಯೋನಿನಿಂದ ಫೋನ್ ಮಾಡಿ, "ಅಕ್ಕಾ, ಆ ಈಜುಕೊಳಕ್ಕೆ ವರ್ಷಪೂರ್ತಿ ಖರ್ಚು, ಈಜೋದು ಆಗಸ್ಟ್‌ನಲ್ಲಿ ಮೂರು ವಾರ. ಈ ಸಲ ಖರ್ಚು ಅರ್ಧಕ್ಕೆ ಇಳೀಲಿಲ್ಲ ಅಂದ್ರೆ ಮಣ್ಣು ತುಂಬಿಸಿ ಕಾರು ನಿಲ್ಲಿಸೋ ಜಾಗ ಮಾಡಿಸ್ತೀನಿ" ಎಂದೆ. ನಿನಗೆ ಅದು ಬರೀ ಲೆಕ್ಕಾಚಾರ. ನಾನು ಅವತ್ತು ಹಬ್ಬದ ಕುರಿಮಾಂಸವನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಹೋದ ವರ್ಷ ನಿನ್ನ ಮಗಳು ಸಾಂದ್ರಿನ್ ಹೊರಡುವಾಗ ಕಾರಿನ ಕಿಟಕಿಯಿಂದ ಹೇಳಿದ್ದಳು, "ಅತ್ತೆ, ಈ ಕೊಳ ಒಂದಿದೆ ಅಂತ ಮಕ್ಕಳು ಇಲ್ಲಿಗೆ ಬರ್ತಾರೆ. ಇಲ್ಲದಿದ್ರೆ ಅವರಪ್ಪ ಎಲ್ಲರನ್ನೂ ಸ್ಪೇನಿನ ಸಮುದ್ರಕ್ಕೆ ಎಳ್ಕೊಂಡು ಹೋಗ್ತಾನೆ." ಕೊಳ ಹೋದರೆ ಅವಳು ಬರುವುದಿಲ್ಲ. ಅದಕ್ಕೇ ಅವತ್ತಿನಿಂದ ನಿನ್ನ ಖರ್ಚಿನ ಬೆನ್ನು ಹತ್ತಿದೆ.

ಮೊದಲು ಕೊಳದ ದಂಡೆಯ ಸಿಂಹದ ಬಾಯಿ ಮುಚ್ಚಿಸಿದೆ. ಕೋಪ ಮಾಡಿಕೊಳ್ಳಬೇಡ, ಆ ಕಲ್ಲಿನ ಸಿಂಹ ನಿನಗೆ ಎಷ್ಟು ಇಷ್ಟವೆಂದು ಗೊತ್ತು. ಆದರೆ ಅದು ನೀರು ಉಗುಳುವುದಕ್ಕೇ ಬೇರೊಂದು ಪಂಪು ಓಡಬೇಕು, ನೋಡಲು ಯಾರೂ ಇಲ್ಲದಾಗಲೂ ಉಗುಳುತ್ತಿತ್ತು. ನೀರು ಸೋಸುವ ದೊಡ್ಡ ಪಂಪನ್ನು ಕರೆಂಟಿನ ದರ ಇಳಿಯುವ ಹೊತ್ತಿಗೆ ಮಾತ್ರ ಓಡುವಂತೆ ಗಡಿಯಾರಕ್ಕೆ ಕಟ್ಟಿಸಿದೆ. ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹೊದಿಕೆ ತರಿಸಿದೆ. ಬಿಸಿಲಿಗೆ, ಗಾಳಿಗೆ ಆರಿಹೋಗುತ್ತಿದ್ದ ನೀರು ಉಳಿಯಿತು, ಬೆಚ್ಚಗೂ ಆಯಿತು. ಎಲೆ ಉದುರಿಸುತ್ತಿದ್ದ ಅಂಜೂರದ ಕೊಂಬೆಗಳನ್ನು ಕಡಿಸಿದೆ. ಅಪ್ಪ ನೆಟ್ಟ ಮರ, ಕಡಿಸುವಾಗ ಒಳಗೆ ಹೋಗಿ ಕೂತಿದ್ದೆ. ದಿನಾ ಆ ಹೊದಿಕೆ ಎಳೆಯಲು ಪಕ್ಕದ ಮನೆಯ ಜುಲ್ಮೀರ ಬರುತ್ತಿದ್ದಳು. "ನಾವಿಬ್ಬರು ಮುದುಕೀರು ಸೇರಿ ನೀರಿಗೆ ಕಂಬಳಿ ಹೊದಿಸ್ತೀವಲ್ಲ, ನಮ್ಮ ಕಾಲಿಗೆ ಯಾರಾದ್ರೂ ಹೊದಿಸಿದಾರೇನೇ?" ಎಂದು ರೇಗಿಸುತ್ತಿದ್ದಳು. "ಇನ್ನೊಬ್ಬರ ಕೊಳಕ್ಕೆ ನೀನ್ಯಾಕೆ ಇಷ್ಟು ಸಾಯ್ತೀಯ?" ಎಂದೂ ಕೇಳಿದಳು. ನಾನು ಹೊದಿಕೆಯ ನನ್ನ ತುದಿಯನ್ನು ಎಳೆದೆ.

ಜೂನ್ ಬಿಲ್ಲು ಹೋದ ವರ್ಷದ್ದಕ್ಕಿಂತ ಅರ್ಧಕ್ಕೂ ಕಡಿಮೆ ಬಂತು. ಅಲ್ಲಿಗೇ ಸುಮ್ಮನಿದ್ದಿದ್ದರೆ ನಿನಗೆ ಮೀಸೆ ತಿರುವಿಕೊಂಡೇ ಕಾಗದ ಬರೆಯುತ್ತಿದ್ದೆ. ಆಸೆ ಬಿಡಬೇಕಲ್ಲ. ಕೊಳದ ನೀರು ಮೆಟ್ಟಿಲಿಗಿಂತ ಕೆಳಗೆ ಇಳಿದಿತ್ತು, ತುಂಬಿಸಬೇಕಿತ್ತು. ನಲ್ಲಿ ನೀರು ಹೆಚ್ಚು ಬಳಸಿದಷ್ಟೂ ದರ ಏರುತ್ತದೆ. ಅಪ್ಪನ ಬಾವಿಯಲ್ಲಿ ಪುಕ್ಕಟೆ ನೀರು ತುಂಬಿ ತುಳುಕುತ್ತಿತ್ತು. ನಮ್ಮ ಬಾವಿಯ ನೀರೆಂದರೆ ಊರಿಗೆಲ್ಲ ಔಷಧಿ, ರಕ್ತ ಕಡಿಮೆಯಾದ ಹುಡುಗಿಯರು ತಂಬಿಗೆ ಹಿಡಿದು ಬರುತ್ತಿದ್ದರು, ನೆನಪಿದೆಯಲ್ಲ? ಜುಲ್ಮೀರಳೂ "ಕುಡಿದು ಬೆಳೆದಿದೀವಿ, ಕಾಲು ತೊಳೆಯೋಕೆ ಆಗಲ್ವಾ?" ಎಂದಳು. ಪೈಪು ಎಳೆದು ಬಿಟ್ಟೆ. ಮಕ್ಕಳು ಇಳಿಯುವ ನೀರು, ಚೊಕ್ಕವಾಗಿರಲಿ ಎಂದು ಕ್ಲೋರಿನನ್ನು ಎರಡು ಪಾಲು ಸುರಿದೆ.

ಬೆಳಿಗ್ಗೆ ಹೊದಿಕೆ ಎತ್ತಿದರೆ ಇಡೀ ಕೊಳ ಕಾಫಿಯ ಬಣ್ಣ. ನಾನು ದಂಡೆಯ ಮೇಲೆ ಕುಸಿದು ಕೂತು ಅತ್ತೆ. ಪೇಟೆಯಲ್ಲಿ ಈಜುಕೊಳದ ಸಾಮಾನು ಮಾರುವ ಒರಾಸಿಯು ಬಂದು ನೋಡಿದ. "ಎರ್ಮೆಲಿಂದಮ್ಮ, ಸ್ವಲ್ಪ ಹಾಲು ಹಾಕಿದ್ರೆ ಇಡೀ ಊರಿಗೆ ತಿಂಡಿ ಜೊತೆ ಕೊಡಬಹುದು" ಎಂದು ನಕ್ಕ. ಬಾವಿಯಲ್ಲಿ ಕಬ್ಬಿಣವಿದೆಯಂತೆ, ಕ್ಲೋರಿನ್ ಬಿದ್ದೊಡನೆ ತುಕ್ಕಾಗಿದೆ. ಹುಡುಗಿಯರ ರಕ್ತಕ್ಕೆ ಒಳ್ಳೆಯದಾದದ್ದೇ ಕೊಳಕ್ಕೆ ವಿಷವಾಯಿತು. ಈಗ ಅವನು ಕೊಟ್ಟ ಪುಡಿ ಹಾಕಿ, ಹಗಲೂ ರಾತ್ರಿ ಪಂಪು ಓಡಿಸಿ, ಮರಳಿನ ಫಿಲ್ಟರನ್ನು ಮತ್ತೆ ಮತ್ತೆ ತೊಳೆಯುತ್ತಿದ್ದೇನೆ. ಉಳಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಕಾಫಿ ಈಗ ತೆಳು ಚಹಾ ಆಗಿದೆ. ತಳ ಇನ್ನೂ ಕಾಣುತ್ತಿಲ್ಲ.

ಇಷ್ಟಾದರೂ ನಿನಗೆ ತಿಳಿಸದೆ ತೊಳೆದು ಮುಗಿಸುತ್ತಿದ್ದೆ. ಆದರೆ ಜುಲ್ಮೀರಳ ಸೊಸೆ ಕೊಳದ ಫೋಟೊ ತೆಗೆದು ಫೋನಿನಲ್ಲಿ ಹಾಕಿಬಿಟ್ಟಳಂತೆ, ಅದು ಲಿಯೋನಿಗೂ ಬಂತು. ಮೊನ್ನೆ ಲುಸೀಲಿಯ ಫೋನ್ ಮಾಡಿದಳು. "ಎರ್ಮೆಲಿಂದ, ನಿಮ್ಮನ್ನ ಬೈಯೋಕೆ ಮಾಡಿದ್ದಲ್ಲ. ಮಕ್ಕಳು ಫೋಟೊ ನೋಡಿ ಮುಖ ಸಿಂಡರಿಸಿದ್ವು. ಅಳಿಯ ಸ್ಪೇನಿನಲ್ಲಿ ಹೋಟೆಲ್ ಹುಡುಕ್ತಾ ಇದಾನೆ. ಇವರೂ ಸೆಪ್ಟೆಂಬರಿಗೆ ಮಣ್ಣು ತುಂಬೋಕೆ ಯಂತ್ರದವನ ಹತ್ರ ಮಾತಾಡಿದಾರೆ. ನಿಮಗೂ ಒಂದು ತಲೆನೋವು ಕಮ್ಮಿಯಾಗುತ್ತೆ ಬಿಡಿ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನಾನು ಫೋನಿಟ್ಟು ಮತ್ತೆ ಫಿಲ್ಟರ್ ತೊಳೆಯಲು ಹೋದೆ.

ಅಲ್ಬಾನು, ನಾನು ನಿನ್ನ ಹತ್ತಿರ ಯಾವತ್ತೂ ಏನೂ ಕೇಳಿದವಳಲ್ಲ. ಈಗ ಕಾಲು ಹಿಡಿದು ಕೇಳುತ್ತೇನೆ. ಆ ಹೋಟೆಲನ್ನು ತಡೆ. ಯಂತ್ರದವನಿಗೆ ಬೇಡವೆನ್ನು. ಈ ತಿಂಗಳ ಬಿಲ್ಲು ನೋಡಿ ರೇಗಬೇಡ, ನನ್ನ ಪಿಂಚಣಿಯಲ್ಲಿ ತೀರಿಸುತ್ತೇನೆ. ಬರುವ ವರ್ಷ ಬಾವಿಯ ಕಡೆ ತಿರುಗಿಯೂ ನೋಡುವುದಿಲ್ಲ, ಖರ್ಚು ಅರ್ಧಕ್ಕೇ ನಿಲ್ಲಿಸಿ ತೋರಿಸುತ್ತೇನೆ. ಅವರು ಬರುವುದರೊಳಗೆ ತಳ ಕಾಣಿಸದಿದ್ದರೆ ಬಕೆಟ್ಟಿನಲ್ಲಿ ಹೊತ್ತಾದರೂ ಖಾಲಿ ಮಾಡಿ ಹೊಸ ನೀರು ತುಂಬಿಸುತ್ತೇನೆ. ಬೇರೆ ದಾರಿಯೇ ತೋಚುತ್ತಿಲ್ಲ.

ಹೆಚ್ಚು ಬಿಸಿಲಲ್ಲಿ ಓಡಾಡಬೇಡ, ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ. ಲುಸೀಲಿಯಳಿಗೆ ನನ್ನ ಪ್ರೀತಿ, ಮೊಮ್ಮಕ್ಕಳಿಗೆ ಮುತ್ತು. ಮಾತೆ ಮೇರಿ ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ ಅಕ್ಕ,
ಎರ್ಮೆಲಿಂದ

ವಿ.ಸೂ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಮೇಲೆ ಸಾಂದ್ರಿನಳನ್ನು ‘ನಿನ್ನ ಮಗಳು’ ಎಂದೇ ಬರೆದಿದ್ದೇನೆ, ನೋಡು. ಮದುವೆಯಿಲ್ಲದೆ ಹೆತ್ತವಳು ನಾನು. ಹಾಲು ಬಿಡಿಸುವ ಮೊದಲೇ ಅವಳನ್ನು ನಿಮ್ಮ ಮಡಿಲಿಗೆ ಹಾಕಿದ ಮೇಲೆ ಒಂದು ಸಲವೂ ಬೇರೆ ಥರ ಬರೆದಿಲ್ಲ, ಬಾಯಿ ಬಿಟ್ಟಿಲ್ಲ. ಇನ್ನು ಮುಂದೆಯೂ ಬಿಡುವುದಿಲ್ಲ. ಲುಸೀಲಿಯ ಅವಳನ್ನು ಚೆನ್ನಾಗಿ ಸಾಕಿದ್ದಾಳೆ, ದೂರೇನೂ ಇಲ್ಲ. ಆದರೆ ನಿನಗೆ ಗೊತ್ತಿಲ್ಲದ್ದು ಒಂದಿದೆ. ಬಂದಾಗ, ಹೊರಡುವಾಗ ಅವಳು ನನ್ನ ಎರಡು ಕೆನ್ನೆಗೂ ಮುತ್ತಿಡುತ್ತಾಳೆ. ಅದು ಜುಲ್ಮೀರಳಿಗೂ ಸಿಗುತ್ತದೆ. ಕೊಳದ ದಂಡೆಯಲ್ಲಿ ಮಾತ್ರ, ನೀರಿಗಿಳಿಯುವ ಮೊದಲು, ಬೋರಲು ಮಲಗಿ ನನ್ನನ್ನೇ ಕರೆಯುತ್ತಾಳೆ. "ಅತ್ತೆ, ಬೆನ್ನಿಗೆ ಸ್ವಲ್ಪ ಕ್ರೀಮ್ ಹಚ್ಚು, ಇವನ ಕೈ ಒರಟು" ಎನ್ನುತ್ತಾಳೆ. ನಾನು ನಿಧಾನವಾಗಿ ಹಚ್ಚುತ್ತೇನೆ. ಇಡೀ ವರ್ಷದಲ್ಲಿ ನನ್ನ ಮಗಳ ಮೈ ಮುಟ್ಟಲು ನನಗಿರುವುದು ಅಷ್ಟೇ. ಸ್ಪೇನಿಗೆ ಹೋದರೆ ಅವಳ ಬೆನ್ನಿಗೆ ಬೇರೆ ಯಾರಾದರೂ ಹಚ್ಚುತ್ತಾರೆ.