ಹುಕುಮಿನ ಮ್ಯಾಲೆ ನನ್ನ ಸಹಿ

ಕೊಳಕೂರ, ೧೯೪೩

ಅಪ್ಪಾ,

ಇವತ್ತು ಮುಂಜಾನೆ ಕಚೇರಿಯಿಂದ ಬುರಾನುದ್ದೀನ ಸಾಹೇಬ್ರು ಬಂದಿದ್ರು. ಪರವಾನಗಿ ಇಲ್ಲದ ನನ್ನ ಕನ್ನಡ ಸಾಲಿ ಮುಚ್ಚಬೇಕಂತ ಹುಕುಂ ತಂದಿದ್ರು. ಕೆಳಗ ನಿಮ್ಮದೇ ಸಹಿ ಇತ್ತು, ಉರ್ದುವಿನಾಗ, ಭಾಳ ಚಂದ.

ಹದಿನಾರು ವರ್ಷದಾಗ ಮೂರು ಮಂದಿ ದಿವಾನರು ಬದಲಾದ್ರು, ನಿಮ್ಮ ಮಂತ್ರಿ ಕುರ್ಚಿ ಮಾತ್ರ ಅಲುಗಲಿಲ್ಲ. ಅದು ಹೆಂಗಂತ ಇವತ್ತು ತಿಳೀತು.

ಹುಕುಂ ಮುಟ್ಟಿತಂತ ನಾ ಸಹಿ ಮಾಡಬೇಕಿತ್ತು. ಕನ್ನಡದಾಗ 'ನಿಂಬೆವ್ವ' ಅಂತ ಮಾಡಿದೆ. ಸಾಹೇಬ್ರು ಗಾಬರಿಯಾದ್ರು.

"ಸರ್ಕಾರಿ ಕಾಗದದಾಗ ಕನ್ನಡ ನಡ್ಯೂದಿಲ್ಲ ಅಕ್ಕೋರೇ. ಉರ್ದುವಿನಾಗ ಮಾಡ್ರಿ, ಇಲ್ಲಾಂದ್ರ ಹೆಬ್ಬಟ್ಟು ಒತ್ರಿ."

"ಉರ್ದು ಬರ್ತದ್ರಿ, ಆದ್ರ ಮಾಡೂದಿಲ್ಲ. ಹೆಬ್ಬಟ್ಟು ಅಂತೂ ಒತ್ತೂದೇ ಇಲ್ಲ. ನಮ್ಮಪ್ಪ ಜೇವರ್ಗಿಯಾಗ ವಕೀಲರಿದ್ದಾಗ, ಹೆಬ್ಬಟ್ಟು ಒತ್ತಿದವ ಹೊಲ ಕಳ್ಕೋತಾನ ಅಂತ ಊರೂರು ತಿರುಗಿ ಮಂದಿಗೆ ಹೆಸರು ಬರಿಯೂದು ಕಲಿಸ್ಯಾರ," ಅಂದೆ.

ಪಾಪ, ಅವರರೇ ಏನು ಮಾಡ್ತಾರ? ನನ್ನ ಸಹಿಯ ಬಾಜೂಕ 'ಈಕಿಗೆ ಓದು ಬರಹ ಬರೂದಿಲ್ಲ' ಅಂತ ಉರ್ದುವಿನಾಗ ಬರಕೊಂಡು ಹೋದ್ರು.

ನಾಳೆ ಸಾಲಿ ಎಂದಿನಂಗ ತೆಗೀತೇನಿ. ಇಪ್ಪತ್ತೊಂದು ಹುಡುಗ್ಯಾರು ಬರ್ತಾರ.

ಈ ಪತ್ರ ನಿಮಗ ಕಳಸೂದಿಲ್ಲ. ಆ ಕಾಗದ ಹೆಂಗೂ ನಿಮ್ಮ ಮೇಜಿಗೆ ಬರ್ತದ. ಅದರಾಗಿನ ನನ್ನ ಹೆಸರು ನೋಡ್ರಿ. 'ನಿಂ' ಬರಿಯೂವಾಗ ಸೊನ್ನಿ ಇನ್ನೂ ದೊಡ್ಡದೇ ಬೀಳ್ತದ, ನೀವು ನನ್ನ ಕೈ ಹಿಡದು ಜೋಳದ ಹಿಟ್ಟಿನಾಗ ತಿದ್ದಿಸುವಾಗ ಬೀಳ್ತಿದ್ದಂಗ.